ಬೆನ್ನು ಮುಂದೆ, ಬಾಯಿ ಹಿಂದೆ

(ಸಾವನದುರ್ಗದ ಬಂಡೆ ಕಾಣುವ ಮಾಗಡಿ ಸೀಮೆಯ ಒಂದು ಹಳ್ಳಿ. ಜಗಲಿಯ ಕಿಟಕಿ ಸರಳಿಗೆ ಒಂದು ಚರ್ಮದ ಪಟ್ಟಿ ಕಟ್ಟಿದೆ. ಅದರ ಇನ್ನೊಂದು ತುದಿ ಅಳಿಯನ ಎಡಗೈಯಲ್ಲಿ, ಬಲಗೈಯಲ್ಲಿ ಮಡಚುವ ಕ್ಷೌರದ ಕತ್ತಿ. ಅಳಿಯ ಬಿಡದಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಗ್ರೈಂಡಿಂಗ್ ಮಾಡುವವನು. ಮಾವ ನಲವತ್ತು ವರ್ಷ ಕ್ಷೌರ ಮಾಡಿ, ಮದುವೆಗಳಲ್ಲಿ ಡೋಲು ಬಾರಿಸಿ, ಈಗ ಕಣ್ಣಿಗೆ ಪೊರೆ ಬಂದು ಗೋಡೆಗೊರಗಿ ಕೂತಿದ್ದಾರೆ. ಒಳಗೆ ಟೀವಿ ಓಡುತ್ತಿದೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡವನು ಬರೆದದ್ದು ಇದು.)

ಮಾವ: ನಿಲ್ಸು.

ಅಳಿಯ: ಯಾಕೆ ಮಾವ?

ಮಾವ: ಹೋಗೋವಾಗ ಸರಿಯಾಗಿ ಹೋಯ್ತು. ಬರೋವಾಗ ಬುಡ ಎದ್ಬಿಡ್ತು. ತುದಿ ಮಾತ್ರ ಉಜ್ತಾ ಇದೆ.

ಅಳಿಯ: ನೀವು ಈ ಕಡೆ ತಿರುಗೇ ಇಲ್ವಲ್ಲ!

ಮಾವ: ತಿರುಗಿದ್ರೂ ಈ ಕಣ್ಣಿಗೆ ನೀನು ಸುಣ್ಣದ ಮೂಟೆ ಥರ ಕಾಣ್ತೀಯ. ಕೇಳಿಸ್ತು ಕಣ್ಲಾ. ಹೋಗೋವಾಗ ‘ಸರ್‍ರ್’ ಅಂತ ಅಗಲವಾಗಿ ಹೋಯ್ತು. ಬರೋವಾಗ ‘ಸೀ’ ಅಂತ ಸಣ್ಣಗೆ ಬಂತು. ಹೋಗೋದೂ ಬರೋದೂ ಒಂದೇ ಅಗಲ ಇರ್ಬೇಕು. ಇನ್ನೊಂದು ಸಲ ಎಳಿ. ಬೆನ್ನು ಮುಂದೆ, ಬಾಯಿ ಹಿಂದೆ.

ಅಳಿಯ: ಕಲ್ಲಿನ ಮೇಲೆ ಬಾಯಿ ಮುಂದೆ ಅಂತೀರಿ, ಚರ್ಮದ ಮೇಲೆ ಬೆನ್ನು ಮುಂದೆ ಅಂತೀರಿ.

ಮಾವ: ಕಲ್ಲು ಗಟ್ಟಿ. ಅದರ ಮೇಲೆ ಬಾಯಿ ಮುಂದಿಟ್ಟು ತಳ್ಳಿದ್ರೆ ಕಬ್ಬಿಣ ಸವೀತದೆ, ಹೊಸ ಬಾಯಿ ಹುಟ್ತದೆ. ಚರ್ಮದ ಮೇಲೆ ಬಾಯಿ ಮುಂದಿಟ್ರೆ ಚರ್ಮವೇ ಸೀಳ್ಕೊಂಡು ಹೋಗ್ತದೆ. ಚರ್ಮದ ಕೆಲಸ ಹೊಸ ಬಾಯಿ ಹುಟ್ಸೋದಲ್ಲ. ನಿನ್ನೆ ಗಡ್ಡ ಕೆರೆದು ಆ ಕಡೆ ಈ ಕಡೆ ವಾಲಿರೋ ಬಾಯನ್ನ ನೆಟ್ಟಗೆ ಮಾಡೋದು, ಮಸಿ ಒರೆಸೋದು. ಹಾಂ, ಈ ಸಲ ಬಂತು. ಆದ್ರೆ ಕೊನೇಲಿ ಮಗುಚ್ದೆ ನೋಡು, ಅಲ್ಲಿ ‘ಟಕ್’ ಅಂತು.

ಅಳಿಯ: ಅದು ತಪ್ಪಾ?

ಮಾವ: ರೊಟ್ಟಿ ಮಗುಚಿದ ಹಂಗೆ ಎತ್ತಿ ಮಗುಚ್ತಾ ಇದೀಯ. ಹಂಗಲ್ಲ. ಮಲಗಿರೋ ಮಗು ಮಗ್ಗುಲು ಬದಲಾಯಿಸ್ತದಲ್ಲ, ಹಂಗೆ. ಬೆನ್ನು ಚರ್ಮದ ಮೇಲೇ ಇರ್ಬೇಕು, ಬಾಯಿ ಮೇಲಿಂದ ಹಾದು ಆ ಕಡೆ ಮಲಗ್ಬೇಕು. ಅಲ್ಲಿ ಸದ್ದೇ ಬರಬಾರ್ದು. ಹೋಗೋ ಸದ್ದು, ಒಂದು ಬಿಡುವು, ಬರೋ ಸದ್ದು, ಒಂದು ಬಿಡುವು. ಆ ಬಿಡುವೇ ತಾಳ. ಬಿಡುವಲ್ಲಿ ಸದ್ದು ಬಂತೋ, ಬಾಯಿ ಚರ್ಮಕ್ಕೆ ತಾಗಿ ಮಡಿಸಿಕೊಳ್ತು ಅಂತ ಲೆಕ್ಕ. ಹತ್ತು ಸಲ ಸರಿಯಾಗಿ ಎಳೆದದ್ದು ಒಂದು ಮಗುಚಿನಲ್ಲಿ ಹಾಳು.

ಅಳಿಯ: ಸಿನಿಮಾದಲ್ಲಿ ‘ಚಟ್ ಚಟ್’ ಅಂತ ಜೋರಾಗಿ ಬಡೀತಾರಲ್ಲ? ಚಾರ್ಲಿ ಚಾಪ್ಲಿನ್ನು 1940ರ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿ ಬ್ರಾಮ್ಸ್ ಅನ್ನೋರ ಹಂಗೇರಿಯನ್ ಡಾನ್ಸ್ ಸಂಗೀತಕ್ಕೆ ಸರಿಯಾಗಿ ಒಬ್ಬನ ಗಡ್ಡ ಕೆರೀತಾನೆ. ಕತ್ತಿ ಸಂಗೀತದ ಜೊತೆ ಕುಣೀತದೆ.

ಮಾವ: ಅವನು ಕುಣಿಸಲಿ, ಅವನ ಗಿರಾಕಿಗೆ ಸಂಬಳ ಕೊಟ್ಟಿರ್ತಾರೆ. ಪಟ್ಟಿ ಸಡಿಲ ಬಿಟ್ಟು ಬಡಿದ್ರೆ ಮಾತ್ರ ಆ ಚಟ್ ಸದ್ದು ಬರೋದು. ಸಡಿಲ ಆದ ಚರ್ಮ ಬಾಯಿ ಸುತ್ತ ಬಾಗ್ತದೆ, ಬಾಯಿ ಗುಂಡಗಾಗ್ತದೆ. ಒಂದು ಮಾತು ಹೇಳ್ತೀನಿ, ನಗಬೇಡ. ಸಂತೇಲಿ ಕೂರೋವಾಗ ನಾನೂ ಹಂಗೆ ಬಡೀತಿದ್ದೆ. ನಾಲ್ಕು ಜನ ತಿರುಗಿ ನೋಡ್ಲಿ, ಇಲ್ಲೊಬ್ಬ ಕೂತವ್ನೆ ಅಂತ ಗೊತ್ತಾಗ್ಲಿ ಅಂತ. ಅದಕ್ಕೇ ಒಂದು ಹಳೇ ಮೊಂಡು ಕತ್ತಿ ಬೇರೆ ಇಟ್ಕೊಂಡಿದ್ದೆ. ಗಿರಾಕಿ ಕೂತ ಮೇಲೆ ಅದನ್ನ ಒಳಗಿಟ್ಟು ಒಳ್ಳೇದು ತೆಗೀತಿದ್ದೆ. ಬಡಿಯೋಕೊಂದು, ಕೆರೆಯೋಕೊಂದು.

ಅಳಿಯ: ಅಲ್ಲಿಗೆ ಸದ್ದಲ್ಲೂ ಮೋಸ ಇದೆ ಅಂತಾಯ್ತು.

ಮಾವ: ಮೋಸ ಅಲ್ಲ ಕಣಯ್ಯ, ಬೋರ್ಡು. ಆಗ ನಮಗೆಲ್ಲಿತ್ತು ಬೋರ್ಡು? ಈಗ ನೋಡು: ಮೊದಲು ಕಟಿಂಗ್ ಷಾಪು, ಆಮೇಲೆ ಹೇರ್ ಡ್ರೆಸಸ್ಸು, ಈಗ ಮೆನ್ಸ್ ಪಾರ್ಲರು. ಜಿಲ್ಲೆಗೇ ಮೂರು ಬೋರ್ಡಾಯ್ತು. 2007ರವರೆಗೂ ಬೆಂಗಳೂರು ಗ್ರಾಮಾಂತರ, ಆಮೇಲೆ ರಾಮನಗರ, 2025ಕ್ಕೆ ಬೆಂಗಳೂರು ದಕ್ಷಿಣ. ನಾವು ಈ ಜಗಲಿ ಬಿಟ್ಟು ಅಲ್ಲಾಡಿಲ್ಲ.

ಅಳಿಯ: ಸರಿ, ಒಂದು ಪರೀಕ್ಷೆ ಮಾಡ್ತೀನಿ. ನನ್ನ ಹತ್ರ ಎರಡು ಕತ್ತಿ ಇದೆ. ಒಂದು ತಾತಂದು, ಜರ್ಮನಿಯ ಸೋಲಿಂಗನ್ ಅಂತ ಒತ್ತಿದೆ. ಇನ್ನೊಂದು ನಾನು ಹೋದ ತಿಂಗಳು ತರಿಸ್ಕೊಂಡದ್ದು. ಯಾವುದು ಹರಿತ, ಸದ್ದಲ್ಲೇ ಹೇಳಿ. ಇದು ಒಂದನೇದು... ಇದು ಎರಡನೇದು.

ಮಾವ: ಒಂದನೇದು ಮಂದ. ಎರಡನೇದು ಆಹಾ, ಹಾಡ್ತದೆ! ‘ಝೀ’ ಅಂತ ಗುಂಯ್‌ಗುಟ್ತದೆ. ಅದೇ ನಮ್ಮಪ್ಪಂದು.

ಅಳಿಯ: ಅಲ್ಲ ಮಾವ. ಅದು ಹೊಸದು. ಇನ್ನೂ ಕಲ್ಲೇ ಕಂಡಿಲ್ಲ. ನೋಡಿ, ಮುಂಗೈ ಮೇಲೆ ಎಳೀತಾ ಇದೀನಿ, ಒಂದು ಕೂದಲೂ ಬೀಳ್ತಿಲ್ಲ.

ಮಾವ: ಕೊಡು ಇಲ್ಲಿ. ಹೂಂ. ಬಾಯಿ ಅನ್ನೋದೇ ಇಲ್ಲ. ಬೆಣ್ಣೆ ಸವರಬೋದು. ಆದ್ರೆ ಪಕ್ಕೆ ಮುಟ್ಟಿ ನೋಡು, ಎರಡೂ ಕಡೆ ಒಳಕ್ಕೆ ತೋಡಿ ಎಲೆ ಥರ ಮಾಡವ್ರೆ. ತೆಳ್ಳಗಿರೋದು ಅಲುಗ್ತದೆ, ಅಲುಗಿದ್ದು ಹಾಡ್ತದೆ. ನಮ್ಮಪ್ಪಂದು ದಪ್ಪ ಬೆನ್ನಿನ ಕತ್ತಿ, ಮಾತು ಕಮ್ಮಿ. ಥೂ, ನಾನೇ ಮರೆತೆ. ಹಾಡಿದ್ದು ಕತ್ತಿಯ ಮೈ, ಬಾಯಲ್ಲ.

ಅಳಿಯ: ಹಂಗಾದ್ರೆ ಸದ್ದು ಕೇಳಿ ತಿಳ್ಕೋತೀನಿ ಅನ್ನೋದು ಬರೀ ಜಂಬ?

ಮಾವ: ಅವಸರ ಮಾಡಬೇಡ. ಮೊದಲು ನಾನು ಏನು ಹೇಳ್ದೆ? ಬುಡ ಎದ್ದಿದೆ ಅಂದೆ. ಮಗುಚೋವಾಗ ತಾಗಿತು ಅಂದೆ. ಎರಡೂ ನಿಜವೋ ಸುಳ್ಳೋ?

ಅಳಿಯ: ನಿಜ.

ಮಾವ: ಅದು ನಿನ್ನ ಕೈಯ ತಪ್ಪು. ಅದನ್ನ ಸದ್ದು ಹೇಳ್ತದೆ. ಕತ್ತಿ ಹರಿತ ಆಯ್ತಾ ಅನ್ನೋದನ್ನ ಹೇಳಲ್ಲ. ನೀನು ಕೇಳಿದ್ದು ಅದನ್ನ, ನಾನೂ ಹುಮ್ಮಸ್ಸಲ್ಲಿ ಹೇಳೋಕೆ ಹೋಗಿ ಬಿದ್ದೆ.

(ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಸೋತ ಮಾತನ್ನೇ ಹಿಡಿದು ಗೆಲ್ಲುವುದು ಹಳಬರಿಗೆ ಕರಗತ ಎಂದುಕೊಂಡೆ. ಆದರೆ ಮುಂದೆ ಅದಕ್ಕೆ ಸಾಕ್ಷಿ ಕೊಟ್ಟವನು ಅಳಿಯನೇ.)

ಅಳಿಯ: ನಮ್ಮಲ್ಲೂ ಹಂಗೇ ಒಂದಿದೆ ಮಾವ. ಗ್ರೈಂಡಿಂಗ್ ಚಕ್ರನ ಮೆಷಿನ್ನಿಗೆ ಹಾಕೋ ಮುಂಚೆ ಬೆರಳಿಗೆ ತೂಗಾಕ್ಕೊಂಡು ಮರದ ಹಿಡಿಯಿಂದ ತಟ್ಬೇಕು. ‘ಠಣ್’ ಅಂದ್ರೆ ಗಟ್ಟಿ. ‘ದಬ್’ ಅಂದ್ರೆ ಒಳಗೆ ಬಿರುಕು ಬಿಟ್ಟಿದೆ, ತಿರುಗೋವಾಗ ಸಿಡಿದು ಪ್ರಾಣ ತೆಗೀತದೆ. ಎಷ್ಟು ದೊಡ್ಡ ಕಂಪ್ಯೂಟರ್ ಮೆಷಿನ್ ಬಂದ್ರೂ ಈ ತಟ್ಟೋದು ಬಿಟ್ಟಿಲ್ಲ.

ಮಾವ: ತಟ್ಟಿದ್ರೆ ಆ ಚಕ್ರ ಎಷ್ಟು ಚೆನ್ನಾಗಿ ಕೊಯ್ತದೆ ಅಂತ ಗೊತ್ತಾಗ್ತದಾ?

ಅಳಿಯ: ಇಲ್ಲ. ಒಡೆದಿದೆಯೋ ಇಲ್ವೋ ಅಷ್ಟೇ.

ಮಾವ: ಅಷ್ಟೇ ಅಲ್ವಾ ನಾನೂ ಹೇಳಿದ್ದು? ನಿಮ್ಮತ್ತೆ ತವರು ರಾಮನಗರದ ಹತ್ರ, ಮೂರು ತಲೆಮಾರು ರೇಷ್ಮೆ. ಗೂಡಿನ ಮಾರ್ಕೆಟ್ಟಿಗೆ ಹೋದಾಗೆಲ್ಲ ನೋಡ್ತಿದ್ದೆ. ರೀಲರ್ರು ರಾಶಿಗೆ ಕೈ ಹಾಕಿ ಒಂದೊಂದು ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸ್ತಾರೆ. ಒಳಗೆ ಹುಳ ‘ಲೊಟ ಲೊಟ’ ಅಂದ್ರೆ ಹಣ್ಣಾಗಿದೆ, ಬಿಡ್ಡು ಹಾಕಬೋದು. ಸದ್ದಿಲ್ಲ ಅಂದ್ರೆ ಹುಳ ಸತ್ತು ಕರಗಿ ಗೋಡೆಗೆ ಅಂಟ್ಕೊಂಡಿದೆ, ಅದು ಬಿಚ್ಚೋವಾಗ ನೂಲಿಗೂ ಕಲೆ. ಆದ್ರೆ ಆ ಗೂಡಲ್ಲಿ ಎಷ್ಟು ಉದ್ದ ನೂಲು ಕೂತಿದೆ ಅನ್ನೋದನ್ನ ಯಾವ ಕಿವಿಯೂ ಹೇಳಲ್ಲ. ಬಿಸಿನೀರಿಗೆ ಹಾಕಿ ಎಳೆದಾಗಲೇ ಗೊತ್ತಾಗೋದು.

ಅಳಿಯ: ಚನ್ನಪಟ್ಟಣದಲ್ಲಿ ನನ್ನ ಗೆಳೆಯ ಒಬ್ಬ ಗೊಂಬೆ ಕಡೀತಾನೆ. ಆಲೆ ಮರ ತಿರುಗ್ತಿರೋವಾಗ ಉಳಿ ಇಟ್ರೆ ‘ಸುಯ್’ ಅಂತ ಉದ್ದಕ್ಕೆ ಸುರುಳಿ ಬರ್ಬೇಕು. ಕಿರುಚಿ ಪುಡಿ ಉದುರಿತೋ, ಉಳಿ ಮೊಂಡಾಗಿದೆ ಅಂತ ಎದ್ದು ಸಾಣೆಗೆ ಹೋಗ್ತಾನೆ.

ಮಾವ: ಅವನಿಗೆ ಸುರುಳಿ ಕಣ್ಣಿಗೆ ಕಾಣ್ತದೆ, ಪುಣ್ಯವಂತ. ನಮ್ಮ ಕೆಲಸದಲ್ಲಿ ಬಾಯಿ ಕಣ್ಣಿಗೆ ಕಾಣದಷ್ಟು ಸಣ್ಣದು. ಆದ್ರೂ ಒಂದಿದೆ. ಬಾಯಲ್ಲಿ ಹಲ್ಲು ಬಿದ್ದಿದ್ರೆ, ಅಂದ್ರೆ ಎಲ್ಲೋ ಒಂದು ಚೂರು ಕಿತ್ತಿದ್ರೆ, ಪಟ್ಟಿ ಮೇಲೆ ಪ್ರತಿ ಸಲ ಅದೇ ಜಾಗಕ್ಕೆ ‘ಟಿಕ್’ ಅಂತದೆ. ಅದು ಕೇಳಿದ ಮೇಲೆ ಚರ್ಮದ ಮೇಲೆ ಎಷ್ಟು ಎಳೆದ್ರೂ ದಂಡ. ಕಲ್ಲಿಗೇ ಹೋಗ್ಬೇಕು.

ಅಳಿಯ: ಆ ಹಲ್ಲು ಬೀಳೋದು ಯಾಕೆ ಅಂತ ಅಮೆರಿಕದ ಎಂಐಟಿಯವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದ್ರು. 2020ರಲ್ಲಿ ‘ಸೈನ್ಸ್’ ಪತ್ರಿಕೇಲಿ ಬಂತು. ಕೂದಲು ಉಕ್ಕಿಗಿಂತ ಐವತ್ತು ಪಟ್ಟು ಮೆತ್ತಗೆ. ಆದ್ರೂ ಉಕ್ಕನ್ನ ಮೊಂಡು ಮಾಡ್ತದೆ. ನಾವೆಲ್ಲ ತಿಳ್ಕೊಂಡಂಗೆ ಸವೆಯೋದೊಂದೇ ಅಲ್ಲ, ಬಾಯಂಚಲ್ಲಿ ಚೂರುಚೂರೇ ಕಿತ್ತು ಬರ್ತದಂತೆ. ಕೂದಲು ನೆಟ್ಟಗಿರದೆ ಓರೆಯಾಗಿ ಬಾಗಿ ತಾಗಿದ್ರೆ, ಆ ಜಾಗದಲ್ಲಿ ಉಕ್ಕು ಒಂದೇ ಸಮ ಇರದಿದ್ರೆ, ಅಲ್ಲಿ ಕೀಳ್ತದೆ.

ಮಾವ: ಅದಕ್ಕೇ ಅಲ್ವೇನೋ ಎಡಗೈಲಿ ಚರ್ಮ ಎಳೆದು ಹಿಡಿ ಅಂತ ನಮ್ಮಪ್ಪ ತಲೆ ಮೇಲೆ ಮೊಟಕ್ತಿದ್ದದ್ದು! ಎಳೆದು ಹಿಡಿದ್ರೆ ಕೂದಲು ಎದ್ದು ನಿಲ್ತದೆ. ನೀರು ಹಚ್ಚಿ ನೆನೆಸಿದ್ರೆ ಇನ್ನೂ ಮೆತ್ತಗಾಗ್ತದೆ. ಐವತ್ತು ಪಟ್ಟು ಅಂತ ಅವನಿಗೆ ಗೊತ್ತಿರಲಿಲ್ಲ. ಮೊಟಕೋದು ಗೊತ್ತಿತ್ತು.

ಅಳಿಯ: ಈ ಕಿವಿ ನಿಮಗೆ ಕತ್ತಿಯಿಂದ ಬಂತಾ, ಡೋಲಿನಿಂದ ಬಂತಾ?

ಮಾವ: ಬೇರೆ ಬೇರೆ ಅಂತ ನಾವು ಯಾವತ್ತು ಅಂದ್ಕೊಂಡ್ವಿ? ಬೆಳಿಗ್ಗೆ ಮದುಮಗನ ಕ್ಷೌರ ನಾನೇ. ಮುಹೂರ್ತಕ್ಕೆ ಡೋಲು ನಾನೇ. ನಮ್ಮಣ್ಣ ನಾಗಸ್ವರ, ಚಿಕ್ಕಪ್ಪ ಶ್ರುತಿ, ತಾಳಕ್ಕೆ ಯಾವುದಾದ್ರೂ ಹುಡುಗ. ಈ ಸೀಮೇಲಿ ವಾಲಗದವರು ಅಂದ್ರೂ ನಾವೇ, ಹಡಪ ಹೊತ್ತವರು ಅಂದ್ರೂ ನಾವೇ. ಎಡಗೈಲಿ ಕೋಲು, ಬಲಗೈ ಬೆರಳಿಗೆ ಗಟ್ಟಿ ಕವಚ. ಮದುವೆ ಮುಗಿಸಿ ಬಂದು ಕವಚ ಕಳಚಿ ಕತ್ತಿ ಹಿಡಿದ್ರೆ ಬೆರಳಿಗೆ ತೂಕವೇ ಇರ್ತಿರ್ಲಿಲ್ಲ. ಕತ್ತಿಗೆ ಬೇಕಾದ್ದೂ ಅದೇ. ಒತ್ತಬಾರ್ದು, ಅದರ ತೂಕ ಅದಕ್ಕೆ ಸಾಕು. ಒತ್ತಿದ್ರೆ ಸದ್ದು ದಪ್ಪಗಾಗಿ ತಗ್ಗಿಬಿಡ್ತದೆ.

ಅಳಿಯ: ಗಟ್ಟಿಮೇಳ ಅಂತ ಪುರೋಹಿತರು ಕೂಗ್ತಾರಲ್ಲ, ಅದು ಯಾಕೆ?

ಮಾವ: ತಾಳಿ ಕಟ್ಟೋ ಹೊತ್ತಿಗೆ ಯಾರಾದ್ರೂ ಸೀನಬೋದು, ಮಗು ಅಳಬೋದು, ಯಾರೋ ಕೆಟ್ಟ ಮಾತು ಆಡಬೋದು. ಅದು ಮದುಮಕ್ಕಳ ಕಿವಿಗೆ ಬೀಳಬಾರ್ದು ಅಂತ ನಾವು ಜೋರಾಗಿ ಬಾರಿಸೋದು. ಈಗ ತಮಾಷೆ ನೋಡು. ಬೆಳಿಗ್ಗೆ ಎದ್ದು ನಮ್ಮ ಮುಖ ನೋಡಿದ್ರೆ ಅಪಶಕುನ ಅಂತ ಅಡ್ಡದಾರಿ ಹಿಡಿಯೋರು ಇದ್ರು. ಅದೇ ಜನದ ಮಗಳಿಗೆ ಅಪಶಕುನದ ಸದ್ದು ತಗುಲದ ಹಂಗೆ ಕಾಯೋರು ನಾವು. ಹಜಾಮ ಅನ್ನೋದನ್ನ ಬೈಗುಳ ಮಾಡ್ಕೊಂಡ್ರು.

ಅಳಿಯ: ಅದು ಅರಬ್ಬೀ ಪದ ಮಾವ. ಕೊಂಬು ಹಚ್ಚಿ ಕೆಟ್ಟ ರಕ್ತ ತೆಗೆಯೋ ವೈದ್ಯನಿಗೆ ಅಲ್ಲಿ ಹಂಗೆ ಅಂತಿದ್ರು.

ಮಾವ: ಹೌದಾ? ನಮ್ಮ ತಾತ ಕುರು ಕೊಯ್ತಿದ್ದ, ಹಲ್ಲು ಕೀಳ್ತಿದ್ದ. ಡಾಕ್ಟರ್ ಅಂತ ಬೋರ್ಡು ಹಾಕ್ಕೊಳ್ಲಿಲ್ಲ ಅಷ್ಟೇ. ಈಗ ಸವಿತಾ ಸಮಾಜ ಅಂತ ಆದ ಮೇಲೆ ರಥಸಪ್ತಮಿ ದಿನ ಸರ್ಕಾರದವರೂ ಜಯಂತಿ ಮಾಡ್ತಾರೆ. ಒಳ್ಳೇದಾಯ್ತು.

ಅಳಿಯ: ಒಂದು ಕೇಳ್ಲಾ? ಈ ಪಟ್ಟಿ ಎಲ್ಲಿಂದ ತಂದದ್ದು?

ಮಾವ: ಊರಾಚೆ ಕೇರಿಯಿಂದ. ಹದ ಮಾಡಿ ಕೊಡ್ತಿದ್ದ ಒಬ್ಬ. ಕೈಯಾಡಿಸಿ ನೋಡು, ಎಲ್ಲೂ ಒಂದು ಗಂಟಿಲ್ಲ. ಒಂದೇ ಸಮ ಸದ್ದು ಬರೋದು ಅರ್ಧ ನಿನ್ನ ಕೈಯಿಂದಾದ್ರೆ, ಅರ್ಧ ಅವನ ಕೈಯಿಂದ.

ಅಳಿಯ: ಆ ಕೇರಿಯವರಿಗೆ ನೀವು ಕ್ಷೌರ ಮಾಡ್ತಿದ್ರಾ?

ಮಾವ: ...

ಅಳಿಯ: ಮಾವ?

ಮಾವ: ಇಲ್ಲ. ಅವರಿಗೆ ಮಾಡಿದ್ರೆ ಊರವರು ನಮ್ಮನ್ನ ಬಿಡ್ತಿದ್ರು. ಆಗ ದುಡ್ಡಿನ ಲೆಕ್ಕ ಇರಲಿಲ್ಲ, ವರ್ಷಕ್ಕೊಂದು ಸಲ ರಾಗಿ ಕಣದಲ್ಲಿ ಆಯ ಕೊಡ್ತಿದ್ರು. ಅದು ನಿಂತ್ರೆ ಮನೇಲಿ ಒಲೆ ಹತ್ತಲ್ಲ. ನಮ್ಮಪ್ಪ ಹೆದರಿದ. ನಾನೂ ಬಹಳ ವರ್ಷ ಹೆದರಿದೆ. ಅವರ ಚರ್ಮ ನಮ್ಮ ಜಗಲಿಗೆ ಬಂತು. ನಮ್ಮ ಕತ್ತಿ ಅವರ ಕೇರಿಗೆ ಹೋಗ್ಲಿಲ್ಲ. ಈ ಸದ್ದು ಇಷ್ಟು ಚೆನ್ನಾಗಿದೆ ಅಂತ ಹೇಳ್ತಾ ಕೂತಿದ್ದೀನಲ್ಲ, ಅದು ಆ ಕೇರಿಯೊಳಗೆ ಒಂದು ದಿನವೂ ಕೇಳಿಸ್ಲಿಲ್ಲ. ಆಮೇಲೆ ರೋಡಲ್ಲಿ ಅಂಗಡಿ ಇಟ್ಟ ಮೇಲೆ ಯಾರು ಬಂದು ಕುರ್ಚೀಲಿ ಕೂತ್ರೂ ಮಾಡ್ದೆ. ಮೊದಲ ಸಲ ಬಂದು ಕೂತವನು ಆ ಪಟ್ಟಿ ಕೊಟ್ಟವನ ಮಗ.

ಅಳಿಯ: ಅವನಿಗೂ ಇದೇ ಕತ್ತಿನಾ?

ಮಾವ: ಅದೇ ಹೇಳೋಕೆ ಬಂದೆ. ಅಷ್ಟು ಹೊತ್ತಿಗೆ ಈ ಕತ್ತಿ ಪೆಟ್ಟಿಗೆ ಸೇರಿತ್ತು. ಏಡ್ಸ್ ಅಂತ ಬಂತಲ್ಲ.

ಅಳಿಯ: ನಮ್ಮ ದೇಶದಲ್ಲಿ 1986ರಲ್ಲಿ ಮದ್ರಾಸಿನಲ್ಲಿ ಮೊದಲು ಪತ್ತೆ ಆಯ್ತು.

ಮಾವ: ಊರಿಗೆ ಸುದ್ದಿ ಬರೋಕೆ ಇನ್ನೊಂದಷ್ಟು ವರ್ಷ ಹಿಡೀತು. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರ್ದು, ಹೊಸ ಬ್ಲೇಡೇ ಕೇಳಿ ಅಂತ ಪೋಸ್ಟರು ಹಚ್ಚಿದ್ರು. ಸರಿಯಾಗೇ ಹೇಳಿದ್ರು. ಒಂದೇ ಕತ್ತಿ, ಒಂದೇ ಪಟ್ಟಿ, ಹತ್ತು ಗಲ್ಲ. ಡೆಟಾಲ್ ನೀರಲ್ಲಿ ಅದ್ದಿದ್ರೂ ಪಟ್ಟಿಯನ್ನ ಎಲ್ಲಿ ಅದ್ದೋದು? ಅದಕ್ಕೂ ಮುಂಚೆ ನಾವು ಅಂಗೈ ಮೇಲೇ ನಾಲ್ಕು ಸಲ ತಿಕ್ಕಿ ಗಲ್ಲಕ್ಕೆ ಇಡ್ತಿದ್ವಿ. ಈಗ ನೆನೆದ್ರೆ ಮೈ ಜುಂ ಅಂತದೆ. ಈ ಕತ್ತಿ ಹೋಯ್ತಲ್ಲ ಅಂತ ನಾನು ಅಳಲ್ಲ. ನಿನ್ನ ಮುಖಕ್ಕೆ ನೀನೇ ಇಟ್ಕೊಳ್ಳೋದಾದ್ರೆ ಇಟ್ಕೋ, ಬೇರೆ ಯಾರ ಮುಖಕ್ಕೂ ಇಡಬೇಡ.

ಅಳಿಯ: ಎಸೆಯೋ ಬ್ಲೇಡಿನ ರೇಜರಿಗೆ ಜಿಲೆಟ್ ಅಮೆರಿಕದಲ್ಲಿ ಪೇಟೆಂಟ್ ತಗೊಂಡದ್ದು 1904ರಲ್ಲಿ. ನಮ್ಮ ಅರಳಿಕಟ್ಟೆಗೆ ಬರೋಕೆ ಎಂಬತ್ತು ವರ್ಷಕ್ಕೂ ಮೇಲೆ ಹಿಡೀತು.

ಮಾವ: ಬಂದ ಮೇಲೆ ಒಂದು ಹೊಸ ಸದ್ದು ಬಂತು ನೋಡು. ಬ್ಲೇಡನ್ನ ಕಾಗದದ ಸಮೇತ ಮಡಿಸಿ ‘ಟಕ್’ ಅಂತ ಎರಡು ಹೋಳು ಮಾಡ್ತೀವಲ್ಲ, ಅರ್ಧ ಉಸ್ತರಾಕ್ಕೆ ಸಿಕ್ಕಿಸಿ ಅರ್ಧ ಪಕ್ಕಕ್ಕಿಡ್ತೀವಲ್ಲ. ಪೇಪರ್ ಓದ್ತಾ ಕೂತ ಗಿರಾಕಿ ಆ ಟಕ್ ಬರೋವರೆಗೂ ಕಿವಿ ಇತ್ತಲೇ ಇಟ್ಟಿರ್ತಾನೆ. ಕೇಳಿಸ್ಲಿಲ್ಲ ಅಂದ್ರೆ ‘ಬ್ಲೇಡ್ ಹೊಸದಾ?’ ಅಂತಾನೆ. ಕೇಳಿಸಿದ್ರೆ ಕಣ್ಣು ಮುಚ್ಚಿ ಹಿಂದಕ್ಕೆ ಒರಗ್ತಾನೆ. ಮೊದಲು ಸದ್ದು ಕೇಳಿ ತಪ್ಪು ಹಿಡೀತಿದ್ದವನು ನಾನು. ಈಗ ಅವನು.

ಅಳಿಯ: ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗಿದ್ನಲ್ಲ, ಮುಡಿ ಕೊಡೋ ಕಡೆ ನಾನೂ ಅದೇ ಮಾಡ್ದೆ. ತಲೆ ಬಗ್ಗಿಸೋ ಮುಂಚೆ ಟಕ್ ಕೇಳಿಸ್ಕೊಂಡೆ.

ಮಾವ: ಒಳ್ಳೇ ಕೆಲಸ ಮಾಡ್ದೆ. ಎಲ್ಲಿ, ಆಗಿನಿಂದ ಎಷ್ಟು ಸಲ ಎಳೆದಿದೀಯ?

ಅಳಿಯ: ಮಾತಾಡ್ತಾ ತಾತನ ಕತ್ತೀನ ಎಳೀತಾನೇ ಇದ್ದೆ. ಹೋಗೋದು ಬರೋದು ಸೇರಿ ಮೂವತ್ತು ಆಗಿರಬೋದು. ಸದ್ದು ಹೆಂಗಿತ್ತು?

ಮಾವ: ಕೊನೇ ಹತ್ತು ಒಂದೇ ಸಮ ಬಂತು. ಮಗುಚೋವಾಗಲೂ ತಾಗ್ಲಿಲ್ಲ. ಎಳೆಯೋಕೆ ಸ್ವಲ್ಪ ಬಿಗಿ ಆಯ್ತಾ? ಚರ್ಮ ಕತ್ತಿಯನ್ನ ಹಿಡ್ಕೊಂಡಂಗೆ?

ಅಳಿಯ: ಹೌದು, ಮೊದಲಿಗಿಂತ ಹಿಡೀತಾ ಇದೆ.

ಮಾವ: ಬಾಯಿ ನೆಟ್ಟಗಾಗ್ತಾ ಬಂತು ಅಂತ. ಈಗ ನನ್ನ ಕೇಳಬೇಡ. ಮುಂಗೈ ಕೂದಲನ್ನ ಕೇಳು. ಚರ್ಮಕ್ಕೆ ತಾಗಿಸಬೇಡ, ಒಂದು ಬೆರಳಷ್ಟು ಮೇಲೆ, ಕೂದಲಿಗೆ ಮಾತ್ರ.

ಅಳಿಯ: ಮೂರು ಬಿತ್ತು. ಮಿಕ್ಕಿದ್ದು ಬಾಗಿ ಎದ್ದು ನಿಂತ್ವು.

ಮಾವ: ತುದಿ ಕಡೆ ಬಿತ್ತಾ, ಬುಡದ ಕಡೆ ಬಿತ್ತಾ?

ಅಳಿಯ: ತುದಿ ಕಡೆ.

ಮಾವ: ಮೊದಲು ಬುಡ ಎತ್ತಿದ್ದೆಯಲ್ಲ, ಅದರ ಬಾಕಿ ಅದು. ಇನ್ನೂ ಆಗಿಲ್ಲ. ಇನ್ನೊಂದು ಇಪ್ಪತ್ತು ಎಳಿ, ಬುಡ ಮಲಗಿಸಿ ಎಳಿ. ಅದಕ್ಕೂ ಮುಂಚೆ ಒಳಗೆ ಹೋಗಿ ಆ ಟೀವಿ ಆರಿಸಿ ಬಾ.